ಹೊರೆ ಕಟ್ಟಿದ ಮೇಲೆ ಸೈಕಲ್ ತೊಂದರೆ ಕೊಟ್ಟರೆ: ಕೊಡಗಿನ ಏರಿಳಿತಕ್ಕೊಂದು ದೋಷ ನಿವಾರಣೆ ಕೈಪಿಡಿ

ಒಂದು ರಾತ್ರಿಗೆ ಬೇಕಾದ ಸಾಮಾನು ಕಟ್ಟಿಕೊಂಡು ಕುಶಾಲನಗರದಿಂದ ಹೊರಟ ಸೈಕಲ್ ಗುಡ್ಡೆಹೊಸೂರಿನವರೆಗೆ ಯಾವ ತಕರಾರನ್ನೂ ತೆಗೆಯುವುದಿಲ್ಲ. ರಸ್ತೆ ಹೆಚ್ಚುಕಡಿಮೆ ಸಮತಟ್ಟು, ಸವಾರನಿಗೂ ಹೊಸ ಹುರುಪು. ಆನೆಕಾಡಿನ ಏರು ಶುರುವಾದಾಗ ಮುಂದಿನ ಚಕ್ರ ಅತ್ತಿತ್ತ ಅಲೆಯತೊಡಗುತ್ತದೆ. ಸುಂಟಿಕೊಪ್ಪದ ಹೊತ್ತಿಗೆ ಹಿಂದಿನಿಂದ ಟಿಕ್ ಟಿಕ್ ಸದ್ದು. ಮಡಿಕೇರಿ ದಾಟಿ ಮೇಕೇರಿಯ ಕಡೆಗೆ ಇಳಿಯುವಾಗ ಹ್ಯಾಂಡಲ್ ನಡುಗುತ್ತದೆ. ಅಷ್ಟರಲ್ಲಿ ಸವಾರ ಸೈಕಲ್ಲನ್ನೂ ಅದನ್ನು ಮಾರಿದ ಅಂಗಡಿಯವನನ್ನೂ ಬೈದು ಮುಗಿಸಿರುತ್ತಾನೆ.

ಖಾಲಿ ಇದ್ದಾಗ ಸರಿಯಾಗಿದ್ದು, ಹೊರೆ ಕಟ್ಟಿದ ಮೇಲೆ ಕೆಟ್ಟಿತು ಅನ್ನಿಸುವ ಸೈಕಲ್‌ನಲ್ಲಿ ದೋಷ ಬಹುಮಟ್ಟಿಗೆ ಹೊರೆಯದು: ಎಲ್ಲಿಟ್ಟಿದ್ದೀರಿ, ಹೇಗೆ ಬಿಗಿದಿದ್ದೀರಿ, ಎಷ್ಟು ತುಂಬಿದ್ದೀರಿ ಎಂಬುದರದು. ಆದ್ದರಿಂದ ಪಾನಾ ಹಿಡಿಯುವ ಮೊದಲು ಗಂಟಿಗೆ ಕೈ ಹಚ್ಚಬೇಕು. ಗೇರ್ ತಿರುಗಿಸಿ, ಬ್ರೇಕ್ ಬಿಚ್ಚಿ, ಕಡ್ಡಿ ಎಳೆದು ನೋಡಿ, ಕೊನೆಗೆ ಕ್ಯಾರಿಯರ್ ಬೋಲ್ಟು ಸಡಿಲವಿತ್ತೆಂದು ತಿಳಿದುಕೊಳ್ಳುವ ಜಾಣರು ನಮ್ಮಲ್ಲಿ ಕಡಿಮೆಯೇನಿಲ್ಲ.

ಇಳಿಸಿ ನೋಡುವುದು

ಮೊದಲ ಪರೀಕ್ಷೆಗೆ ಐದು ನಿಮಿಷ ಸಾಕು. ರಸ್ತೆ ಬದಿಯಲ್ಲಿ ಅಗಲ ಜಾಗ ನೋಡಿ ನಿಲ್ಲಿಸಿ, ಎಲ್ಲ ಚೀಲಗಳನ್ನೂ ಇಳಿಸಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಇನ್ನೂರು ಮೀಟರ್ ಖಾಲಿ ಸೈಕಲ್ ಓಡಿಸಿ. ತೊಂದರೆ ಮಾಯವಾದರೆ ಅದು ಹೊರೆಯದು. ಉಳಿದರೆ ಸೈಕಲ್‌ನದು. ಕಡಿಮೆಯಾಗಿ ಆದರೂ ಉಳಿದಿದ್ದರೆ ಸೈಕಲ್‌ನಲ್ಲಿ ಸಣ್ಣ ದೋಷವೊಂದು ಮೊದಲೇ ಇತ್ತು, ಹೊರೆ ಅದನ್ನು ಹೊರಗೆಳೆದಿದೆ ಎಂದು ಅರ್ಥ. ಕೊಡಗಿನ ಪೇಟೆಗಳ ಹಳೆಯ ಮೆಕ್ಯಾನಿಕ್‌ಗಳು ಇದನ್ನು ಚೆನ್ನಾಗಿ ಬಲ್ಲರು. "ಸಾಮಾನು ಇಳಿಸಿ ತನ್ನಿ, ಆಮೇಲೆ ನೋಡೋಣ" ಎಂದು ಅವರು ಹೇಳಿದರೆ ಅದು ಸೋಮಾರಿತನದ ಮಾತಲ್ಲ.

ಮಳೆಗಾಲವಾದರೆ ಇಳಿಸಿದ ಚೀಲವನ್ನು ಹುಲ್ಲಿನ ಮೇಲೆ ಇಡಬೇಡಿ. ಜಿಗಣೆಗಳು ಚೀಲದ ಪಟ್ಟಿ ಹಿಡಿದು ಹತ್ತಿ, ರಾತ್ರಿ ನೀವು ಕಂಬಳಿ ಬಿಡಿಸುವ ಹೊತ್ತಿಗೆ ಆತಿಥ್ಯಕ್ಕೆ ಸಿದ್ಧವಾಗಿರುತ್ತವೆ. ಮೋರಿಯ ಕಟ್ಟೆಯೋ ಬಸ್ ತಂಗುದಾಣದ ಬೆಂಚೋ ಒಳ್ಳೆಯದು.

ಅಲ್ಲಾಡಿಸುವ ಪರೀಕ್ಷೆ

ಬೇರೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದು. ಹೊರೆ ಪೂರ್ತಿ ಕಟ್ಟಿದ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಹಿಂಭಾಗ ಹಿಡಿದು, ಸೈಕಲ್ಲನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಅಲ್ಲಾಡಿಸಿ. ಕಣ್ಣು ಹಿಂದಿನ ಕ್ಯಾರಿಯರ್ ಮೇಲಿರಲಿ. ಯಾವುದು ಯಾವುದರ ಜೊತೆ ಅಲ್ಲಾಡುತ್ತಿದೆ, ಯಾವುದು ತಡವಾಗಿ ಹಿಂಬಾಲಿಸುತ್ತಿದೆ ಎಂಬುದೇ ಇಲ್ಲಿ ಮುಖ್ಯ.

ಕ್ಯಾರಿಯರ್ ಗಟ್ಟಿಯಾಗಿ ನಿಂತಿದ್ದು ಚೀಲ ಮಾತ್ರ ಅದರ ಮೇಲೆ ಹೊಯ್ದಾಡಿದರೆ ತಪ್ಪು ಬಿಗಿತದ್ದು. ಎರಡೂ ತುದಿಗೆ ಕೊಕ್ಕೆಯಿರುವ ರಬ್ಬರ್ ಹಗ್ಗವನ್ನು ನಂಬಿದವರಿಗೆಲ್ಲ ಈ ಗತಿ. ಎಳೆದರೆ ಹಿಗ್ಗುವ ವಸ್ತು ಗುಂಡಿ ಬಂದಾಗಲೂ ಹಿಗ್ಗುತ್ತದೆ. ಚೀಲ ಒಮ್ಮೆ ಜಾಗ ಬಿಟ್ಟರೆ ಮತ್ತೆ ಅದೇ ಜಾಗಕ್ಕೆ ಬಂದು ಕೂರುವುದಿಲ್ಲ. ಹಿಗ್ಗದ ಪಟ್ಟಿ, ಅಂದರೆ ಬಕಲ್ ಇರುವ ನೈಲಾನ್ ಪಟ್ಟಿ ಬೇಕು. ಅದಿಲ್ಲದಿದ್ದರೆ ಹಳೆಯ ಟ್ಯೂಬನ್ನು ಉದ್ದುದ್ದ ಸೀಳಿದ ಪಟ್ಟಿಯಿಂದ ಎರಡು ಮೂರು ಸುತ್ತು ಬಿಗಿದು ಗಂಟು ಹಾಕಿದರೂ ನಡೆಯುತ್ತದೆ. ಟ್ಯೂಬ್ ಕೂಡ ರಬ್ಬರೇ, ಆದರೆ ಅದು ಜಾರುವುದಿಲ್ಲ, ಸುತ್ತು ಹೆಚ್ಚಾದಷ್ಟೂ ಹಿಗ್ಗುವುದು ಕಡಿಮೆಯಾಗುತ್ತದೆ. ಪಟ್ಟಿ ಚೀಲದ ಮೇಲಷ್ಟೇ ಹಾದುಹೋದರೆ ಸಾಲದು. ಒಂದಾದರೂ ಪಟ್ಟಿ ಚೀಲವನ್ನು ಮುಂದಕ್ಕೆ, ಸೀಟಿನ ಕಂಬದ ಕಡೆಗೆ ಎಳೆದು ಹಿಡಿದಿರಬೇಕು. ಏರಿನಲ್ಲಿ ಚೀಲ ಹಿಂದಕ್ಕೆ ಜಾರುವುದನ್ನು ತಡೆಯುವುದು ಅದೊಂದೇ.

ಪಕ್ಕದಲ್ಲಿ ನೇತುಬೀಳುವ ಚೀಲಗಳಾದರೆ ಮೇಲಿನ ಕೊಕ್ಕೆ ಸರಿಯಾಗಿ ಕೂತಿದ್ದರೂ ಕೆಳಗಿನ ಕೊಕ್ಕೆಯೋ ಎಳೆಪಟ್ಟಿಯೋ ಬಿಟ್ಟುಹೋಗಿರುವುದುಂಟು. ಚೀಲದ ಕೆಳ ಅಂಚನ್ನು ಹಿಡಿದು ಹೊರಕ್ಕೆ ಎಳೆದು ನೋಡಿ. ಎರಡು ಬೆರಳಿಗಿಂತ ಹೆಚ್ಚು ದೂರ ಬಂದರೆ ಅದು ಗುಂಡಿಯಲ್ಲಿ ಹಾರಿ ಕಡ್ಡಿಗಳೊಳಗೆ ಸಿಕ್ಕಿಕೊಳ್ಳಬಹುದು.

ಚೀಲ ಮತ್ತು ಕ್ಯಾರಿಯರ್ ಒಂದಾಗಿ ಅಲ್ಲಾಡಿ, ಸೈಕಲ್‌ನ ಚೌಕಟ್ಟು ಮಾತ್ರ ಸುಮ್ಮನಿದ್ದರೆ ಬೋಲ್ಟುಗಳನ್ನು ನೋಡಿ. ಹೆಚ್ಚಿನ ಕ್ಯಾರಿಯರ್‌ಗಳಲ್ಲಿ 5 ಮಿಲಿಮೀಟರ್ ಬೋಲ್ಟು ಇರುತ್ತದೆ, ತಿರುಗಿಸಲು ಸಾಮಾನ್ಯವಾಗಿ 4 ಮಿಲಿಮೀಟರ್ ಅಲೆನ್ ಕೀ ಬೇಕು. ಚಕ್ರದ ಅಚ್ಚಿನ ಬಳಿಯ ಕೆಳಗಿನ ಎರಡು ಬೋಲ್ಟುಗಳೇ ಭಾರವನ್ನೆಲ್ಲ ಹೊರುತ್ತವೆ. ಮೇಲಿನವು ಕ್ಯಾರಿಯರ್ ಹಿಂದಕ್ಕೆ ವಾಲದಂತೆ ಹಿಡಿದಿರುತ್ತವೆ, ಅಷ್ಟೆ. ಹಾಗಾಗಿ ಕೆಳಗಿನಿಂದ ಶುರು ಮಾಡಿ. ಮನೆಯಲ್ಲೇ ಬೋಲ್ಟುಗಳನ್ನು ಬಿಚ್ಚಿ, ಸ್ಪ್ರಿಂಗ್ ವಾಷರ್ ಹಾಕಿ, ಎಳೆಗೆ ಒಂದು ಹನಿ ಉಗುರುಬಣ್ಣ ಸವರಿ ಬಿಗಿಯುವುದು ಒಳ್ಳೆಯದು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಚೌಕಟ್ಟಿನ ಮೇಲಕ್ಕೆ ಅದೇ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ದಾರಿಯಲ್ಲಿ ಗೆರೆ ಮುರಿದು ಕಂಡರೆ ಬೋಲ್ಟು ತಿರುಗಿದೆ. ಚಹಾ ಕುಡಿಯಲು ನಿಂತಾಗ ಬಗ್ಗಿ ನೋಡಿದರೆ ಸಾಕು, ಉಪಕರಣವೇ ಬೇಡ.

ಬೋಲ್ಟು ತುಂಡಾಗಿ ಅರ್ಧ ಒಳಗೇ ಉಳಿದಿದ್ದರೆ ಅದನ್ನು ರಸ್ತೆಯಲ್ಲಿ ತೆಗೆಯುವ ಸಾಹಸ ಬೇಡ. ಕ್ಯಾರಿಯರ್‌ನ ಕಾಲನ್ನು ಚೌಕಟ್ಟಿನ ಹಿಂದಿನ ಕೊಳವೆಗೆ ಹೋಸ್ ಕ್ಲಿಪ್ಪಿನಿಂದ ಬಿಗಿಯಬಹುದು. ನಡುವೆ ಟ್ಯೂಬಿನ ತುಂಡೊಂದನ್ನು ಸುತ್ತಿದರೆ ಜಾರುವುದಿಲ್ಲ. ತೋಟಗಳಿಗೆ ನೀರು ಹಾಯಿಸುವ ಊರಲ್ಲಿ ಹೋಸ್ ಕ್ಲಿಪ್ಪಿಗೆ ಬರವಿಲ್ಲ; ಗೋಣಿಕೊಪ್ಪಲು, ಸಿದ್ದಾಪುರ, ನಾಪೋಕ್ಲು, ಯಾವ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಕ್ಯಾರಿಯರ್ ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಕೊಂಡ ಬಗೆಯದಾದರೆ, ಅಂದರೆ ಕೆಳಗೆ ಕಾಲುಗಳೇ ಇಲ್ಲದ್ದಾದರೆ, ಅದು ಎಡಬಲಕ್ಕೆ ತಿರುಗಿಯೇ ತಿರುಗುತ್ತದೆ. ಎಷ್ಟು ಬಿಗಿದರೂ ಅದರ ಸ್ವಭಾವ ಅಷ್ಟೆ. ಅದರ ಮೇಲೆ ಅಚ್ಚಾಗಿರುವ ತೂಕದ ಮಿತಿಯನ್ನು ಓದಿ. ಸಾಮಾನ್ಯವಾಗಿ 10 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಕಾಲುಗಳಿರುವ ಕ್ಯಾರಿಯರ್ ಮೇಲೆ 25 ಕಿಲೋ ಎಂದು ಬರೆದಿರುವುದು ವಾಡಿಕೆ. ಆದರೆ ಆ ಅಂಕಿ ಕ್ಯಾರಿಯರ್‌ನದು. ನಿಮ್ಮ ಚಕ್ರದ್ದಲ್ಲ, ತೊಡೆಗಳದ್ದಂತೂ ಅಲ್ಲ.

ಮೂರನೆಯ ಸಾಧ್ಯತೆಯಲ್ಲಿ ಚೀಲ, ಕ್ಯಾರಿಯರ್, ಚೌಕಟ್ಟು ಮೂರೂ ಒಟ್ಟಿಗೆ ಅಲ್ಲಾಡುತ್ತವೆ, ಆದರೆ ಹಿಂಭಾಗ ಬಾಲ ಬೀಸಿದಂತೆ ತಡವಾಗಿ ಬರುತ್ತದೆ. ಭಾರ ಮೇಲಾಗಿದೆ ಅಥವಾ ಹಿಂದಾಗಿದೆ ಎಂಬುದರ ಗುರುತು ಇದು. ಎರಡೂ ಒಟ್ಟಿಗೆ ಆಗಿರುವುದೇ ಹೆಚ್ಚು.

ಇಳಿಜಾರಿನಲ್ಲಿ ಹ್ಯಾಂಡಲ್ ನಡುಗಿದರೆ

ನಡುಕ ಬಂದ ಕ್ಷಣಕ್ಕೆ ಏನು ಮಾಡಬೇಕೆಂಬುದು ಮೊದಲು, ಕಾರಣ ಆಮೇಲೆ. ಹ್ಯಾಂಡಲ್ಲನ್ನು ಮುಷ್ಟಿ ಬಿಗಿದು ಹಿಡಿಯಬೇಡಿ, ಅದರಿಂದ ನಡುಕ ಹೆಚ್ಚಾಗುತ್ತದೆ. ಎರಡೂ ಮೊಣಕಾಲುಗಳಿಂದ ಸೈಕಲ್‌ನ ಮೇಲಿನ ಕೊಳವೆಯನ್ನು ಒತ್ತಿ ಹಿಡಿಯಿರಿ, ಸೀಟಿನಿಂದ ಸ್ವಲ್ಪ ಮೇಲೆದ್ದು ಭಾರವನ್ನು ಪೆಡಲ್‌ಗಳ ಮೇಲೆ ಹಾಕಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ವೇಗ ತಗ್ಗಿಸಿ. ಕಾಲುಗಳ ಒತ್ತಡಕ್ಕೆ ನಡುಕ ಅಡಗುತ್ತದೆ.

ನಿಂತ ಮೇಲೆ ಹುಡುಕಬೇಕಾದದ್ದು ಮೂರು. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ನೂಕಿ. ಹ್ಯಾಂಡಲ್ ಕೊಳವೆಯ ಬುಡದಲ್ಲಿ ಇನ್ನೊಂದು ಕೈಯ ಬೆರಳಿಟ್ಟಿರಿ. ಅಲ್ಲಿ ಟಕ್ ಎಂದು ಸಡಿಲು ತಿಳಿದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ಕೊಳವೆ ತಿರುಗುವ ಬೇರಿಂಗ್, ಬಿಗಿಯಬೇಕು. ಈಗಿನ ಹೆಚ್ಚಿನ ಗೇರ್ ಸೈಕಲ್‌ಗಳಲ್ಲಿ ಹ್ಯಾಂಡಲ್ ಹಿಡಿದಿರುವ ಪಕ್ಕದ ಎರಡು ಬೋಲ್ಟುಗಳನ್ನು ಮೊದಲು ಸಡಿಲಿಸಿ, ಮೇಲಿನ ಮುಚ್ಚಳದ ಬೋಲ್ಟನ್ನು ಸಡಿಲು ಹೋಗುವಷ್ಟು ಮಾತ್ರ ತಿರುಗಿಸಿ, ಹ್ಯಾಂಡಲ್ ಚಕ್ರಕ್ಕೆ ನೇರವಿದೆಯೇ ನೋಡಿಕೊಂಡು ಪಕ್ಕದವುಗಳನ್ನು ಮತ್ತೆ ಬಿಗಿಯಬೇಕು. ಪಕ್ಕದವುಗಳನ್ನು ಸಡಿಲಿಸದೆ ಮೇಲಿನದನ್ನು ಮಾತ್ರ ತಿರುಚಿದರೆ ಏನೂ ಬಿಗಿಯಾಗುವುದಿಲ್ಲ, ಬೋಲ್ಟಿನ ಎಳೆ ಸವೆಯುತ್ತದೆ.

ಹೆಡ್‌ಸೆಟ್ ಸರಿಯಿದ್ದರೆ ಹಿಂದಿನ ಟೈರಿನ ಗಾಳಿ ನೋಡಿ. ಅದೂ ಸರಿಯಿದ್ದರೆ ಉಳಿಯುವುದು ಭಾರ ಕೂತಿರುವ ಜಾಗ. ಹಿಂದಿನ ಚಕ್ರದ ಅಚ್ಚಿನಿಂದ ಮೇಲಕ್ಕೊಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಭಾರದ ಸಾಮಾನೆಲ್ಲ ಆ ಗೆರೆಯ ಮುಂದಿರಬೇಕು, ಹಿಂದಲ್ಲ. ಆದರೆ ಸವಾರರು ಮಾಡುವುದೇ ಬೇರೆ: ನೀರಿನ ಎರಡು ಬಾಟಲಿ, ಪಂಪು, ಉಪಕರಣದ ಡಬ್ಬಿಯನ್ನೆಲ್ಲ ಬೇಗ ಕೈಗೆ ಸಿಗಲೆಂದು ಚೀಲದ ಮೇಲ್ತುದಿಗೆ ಹಾಕುತ್ತಾರೆ, ಬಟ್ಟೆ ತಳಕ್ಕೆ ಹೋಗುತ್ತದೆ. ಅದನ್ನು ತಲೆಕೆಳಗು ಮಾಡಿ. ಉಪಕರಣ, ಬ್ಯಾಟರಿ, ಅಕ್ಕಿಯಂಥವು ಪಕ್ಕದ ಚೀಲಗಳ ತಳದಲ್ಲಿ, ಚೌಕಟ್ಟಿಗೆ ಒತ್ತಿಕೊಂಡಿರಲಿ. ಹೊದಿಕೆ, ಬಟ್ಟೆ ಮೇಲಿರಲಿ. ಸೀಟಿನ ಹಿಂದೆ ಚಾಚಿಕೊಳ್ಳುವ ಉದ್ದನೆಯ ಚೀಲವಾದರೆ ಭಾರದ್ದು ಸೀಟಿನ ಕಂಬದ ಪಕ್ಕಕ್ಕೆ, ಹಗುರವಾದದ್ದು ಬಾಲದ ತುದಿಗೆ. ಎಡಬಲದ ಚೀಲಗಳನ್ನು ಒಂದೊಂದು ಕೈಯಲ್ಲಿ ಎತ್ತಿ ತೂಗಿ ನೋಡಿ. ವ್ಯತ್ಯಾಸ ಕೈಗೇ ತಿಳಿಯುವಷ್ಟಿದ್ದರೆ ಅದು ರಸ್ತೆಗೂ ತಿಳಿಯುತ್ತದೆ.

ಏರಿನಲ್ಲಿ ಮುಂಭಾಗ ತೇಲಿದರೆ

ಇದು ಮೇಲಿನದರ ಇನ್ನೊಂದು ಮುಖ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್. ದೂರ ನೋಡಿ ಮೋಸ ಹೋಗಬಾರದು, ಆ ರಸ್ತೆ ಏರುತ್ತಲೇ ಹೋಗಿ ಸುಮಾರು 1,276 ಮೀಟರ್ ಎತ್ತರಕ್ಕೆ ಮುಟ್ಟುತ್ತದೆ. ಅಲ್ಲಿ ಕಡಿಮೆ ಗೇರಿನಲ್ಲಿ ನಿಧಾನವಾಗಿ ತುಳಿಯುವಾಗ ಮುಂದಿನ ಚಕ್ರಕ್ಕೆ ನೆಲದ ಹಿಡಿತ ತಪ್ಪಿ ಹಾವಿನಂತೆ ಹರಿದಾಡತೊಡಗಿದರೆ, ಭಾರವೆಲ್ಲ ಹಿಂದಿದೆ. ಎರಡು ಮೂರು ಕಿಲೋವನ್ನಾದರೂ ಮುಂದಕ್ಕೆ ತನ್ನಿ. ಚೌಕಟ್ಟಿನ ತ್ರಿಕೋನದ ನಡುವಿನ ಜಾಗವೇ ಸೈಕಲ್‌ನಲ್ಲಿ ಅತ್ಯುತ್ತಮ ಜಾಗ. ನೀರು ಮತ್ತು ಉಪಕರಣ ಅಲ್ಲಿರಲಿ. ಹ್ಯಾಂಡಲ್ ಮುಂದೆ ಹೊದಿಕೆಯ ಸುರುಳಿ ಕಟ್ಟಬಹುದು. ಆದರೆ ಬ್ರೇಕ್ ಮತ್ತು ಗೇರ್ ತಂತಿಗಳು ಅದರಡಿ ಸಿಕ್ಕಿ ಮಡಚಿಕೊಳ್ಳಬಾರದು. ಮುಂದೆ ಸುರುಳಿ ಕಟ್ಟಿದ ಮೇಲೆ ಗೇರ್ ತಾನಾಗಿ ಬದಲಾಗುತ್ತಿದೆ, ಬ್ರೇಕ್ ಬಿಗಿಯಾಗಿದೆ ಎಂಬ ದೂರು ಬಂದರೆ ಮೊದಲ ಅನುಮಾನ ಆ ಸುರುಳಿಯ ಮೇಲೆಯೇ ಇರಲಿ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಎಲ್ಲಿ ತಂತಿ ಎಳೆಯುತ್ತದೋ ಅಲ್ಲಿ ಕಾರಣವಿದೆ.

ತೂಕ ಎಲ್ಲಿಂದ ಬಂತೆಂದು ಕೇಳಿಕೊಳ್ಳುವುದಕ್ಕೂ ಇದು ಸರಿಯಾದ ಜಾಗ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಏರುವುದು ಒಟ್ಟಾರೆ 300 ಮೀಟರ್ ಆಸುಪಾಸು, ನಡುವೆ ಸುಂಟಿಕೊಪ್ಪವಿದೆ, ಬೋಯಿಕೇರಿಯಿದೆ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವಾಗ ಮೂರ್ನಾಡು, ಬೇತ್ರಿ ಸಿಗುತ್ತವೆ. ಇಂಥ ದಾರಿಯಲ್ಲಿ ನಾಲ್ಕು ಲೀಟರ್ ನೀರು ಹೊತ್ತು ಹೋಗುವುದು ಮರುಭೂಮಿಯ ಸಿದ್ಧತೆ. ಹೋಂಸ್ಟೇಯಲ್ಲಿ ರಾತ್ರಿ ಕಳೆಯುವವರಿಗೆ ಐದಾರು ಕಿಲೋ ಮೀರಿದ ಹೊರೆಗೆ ಕಾರಣವೇ ಇಲ್ಲ. ಡೇರೆ ಹಾಕುವವರಿಗೆ ಅದರ ದುಪ್ಪಟ್ಟು ಆಗಬಹುದು. ತೋಟದಲ್ಲಿ ಡೇರೆ ಹಾಕಲು ಮಾಲೀಕರ ಒಪ್ಪಿಗೆ ಬೇಕು ಎಂಬುದು ನೆನಪಿರಲಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿಯ ಕಡೆ ಮಾಲೀಕರು ಒಪ್ಪಿದರೂ ಆನೆಗಳು ಒಪ್ಪುವುದಿಲ್ಲ. ಆ ಕಡೆ ಗೋಡೆ ಇರುವ ಕೋಣೆಯೇ ಸರಿ, ಚೀಲದಲ್ಲಿ ಮಾಗಿದ ಹಲಸು, ಬಾಳೆ ಇಟ್ಟುಕೊಂಡು ಹೊರಗೆ ಮಲಗುವ ಯೋಚನೆಯೇ ಬೇಡ.

ಸದ್ದಿನ ಮೂಲ

ಸದ್ದನ್ನು ಹುಡುಕುವುದು ಸುಲಭ, ಅದರ ತಾಳ ಹಿಡಿದರೆ. ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಉರುಳಲು ಬಿಡಿ. ಸದ್ದು ನಿಂತರೆ ಅದು ಪೆಡಲ್, ಚೈನು ಅಥವಾ ನಿಮ್ಮ ಹಿಮ್ಮಡಿಯದು. ಉರುಳುವಾಗಲೂ ಚಕ್ರದ ಸುತ್ತಿಗೊಂದರಂತೆ ಬರುತ್ತಿದ್ದರೆ ಚಕ್ರಕ್ಕೆ ಏನೋ ತಗಲುತ್ತಿದೆ: ಪಟ್ಟಿಯ ನೇತಾಡುವ ತುದಿ, ಮಡ್‌ಗಾರ್ಡ್‌ನ ಸರಳು, ಸಡಿಲವಾದ ಕಡ್ಡಿ. ಯಾವ ತಾಳವೂ ಇಲ್ಲದೆ ಗುಂಡಿಗೊಮ್ಮೆ ಬಂದರೆ ಅದು ಚೀಲದೊಳಗಿನ ತಟ್ಟೆ ಲೋಟದ್ದು. ಅದನ್ನು ಟವೆಲ್‌ನಲ್ಲಿ ಸುತ್ತಿ ಮರೆತುಬಿಡಿ.

ಹಿಮ್ಮಡಿ ಚೀಲಕ್ಕೆ ಬಡಿಯುತ್ತಿದ್ದರೆ ಚೀಲವನ್ನು ಕ್ಯಾರಿಯರ್ ಮೇಲೆ ಹಿಂದಕ್ಕೆ ಸರಿಸಿ. ಭಾರ ಮುಂದಿರಲಿ ಎಂದು ಈಗಷ್ಟೇ ಹೇಳಿದ್ದಕ್ಕೆ ಇದು ವಿರುದ್ಧ, ಹೌದು. ಹಿಮ್ಮಡಿಗೆ ಬೆರಳಗಲ ಜಾಗ ಸಿಗುವಷ್ಟು ಮಾತ್ರ ಸರಿಸಿ, ಅದಕ್ಕಿಂತ ಹೆಚ್ಚು ಬೇಡ.

ಪಟ್ಟಿಗಳ ತುದಿಯ ವಿಷಯದಲ್ಲಿ ಸೋಮಾರಿತನ ಕೂಡದು. ಬಿಗಿದು ಮಿಕ್ಕ ತುದಿಯನ್ನು ಸುತ್ತಿ ಪಟ್ಟಿಯೊಳಗೇ ತುರುಕಿ. ಅದು ಹಿಂದಿನ ಗೇರಿಗೆ ಸಿಕ್ಕಿದರೆ ಗೇರ್ ಕಡ್ಡಿಗಳೊಳಗೆ ಎಳೆದುಕೊಂಡು ಹೋಗುತ್ತದೆ, ಅಲ್ಲಿಗೆ ಪಯಣ ಮುಗಿಯುತ್ತದೆ. ಹೊರೆ ಹೊತ್ತ ಸೈಕಲ್ ನಿಂತಲ್ಲೇ ಬಲಕ್ಕೆ ಬಿದ್ದರೂ ಇದೇ ಅಪಾಯ: ಗೇರ್ ನೇತುಹಾಕಿರುವ ತುಂಡು ಒಳಕ್ಕೆ ಬಾಗಿರುತ್ತದೆ. ಬಿದ್ದ ಮೇಲೆ ಹಿಂದಿನಿಂದ ನೋಡಿ, ಗೇರಿನ ಪುಟ್ಟ ಚಕ್ರಗಳೆರಡೂ ಒಂದರ ಕೆಳಗೊಂದು ನೇರ ನಿಂತಿವೆಯೇ ಎಂದು. ಒಳಕ್ಕೆ ವಾಲಿದ್ದರೆ ಸರಿಪಡಿಸುವವರೆಗೆ ಅತಿ ಕಡಿಮೆ ಗೇರಿಗೆ ಹಾಕಬೇಡಿ. ಮಳೆಗೆ ಮೆತ್ತಗಾದ ನೆಲದಲ್ಲಿ ಸೈಡ್ ಸ್ಟ್ಯಾಂಡ್ ನಂಬುವುದಕ್ಕಿಂತ ಸೈಕಲ್ಲನ್ನು ಸಿಲ್ವರ್ ಮರಕ್ಕೆ ಒರಗಿಸುವುದು ಮೇಲು.

ಕಡ್ಡಿ ಮುರಿದರೆ

ಹಿಂದಿನ ಚಕ್ರದಲ್ಲಿ, ಚೈನಿರುವ ಬಲಬದಿಯ ಕಡ್ಡಿಗಳೇ ಹೆಚ್ಚು ಮುರಿಯುವುದು. ಗೇರ್‌ಗಳಿಗೆ ಜಾಗ ಬಿಡಲು ಆ ಬದಿಯ ಕಡ್ಡಿಗಳನ್ನು ಹೆಚ್ಚು ಬಿಗಿಯಾಗಿ ಎಳೆದಿರುತ್ತಾರೆ. ಹೊರೆಯ ಭಾರವೂ ಅಲ್ಲೇ ಬೀಳುತ್ತದೆ. ಮುರಿಯುವ ಜಾಗ ಸಾಮಾನ್ಯವಾಗಿ ಹಬ್‌ನ ಬಳಿಯ ಬಾಗು. ಮುರಿದ ಕೂಡಲೇ ಚಕ್ರ ಓರೆಯಾಗಿ ಬ್ರೇಕಿಗೆ ಉಜ್ಜತೊಡಗುತ್ತದೆ.

ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಟೇಪಿನಿಂದ ಸುತ್ತಿ. ಅದರ ಎರಡೂ ಬದಿಯಲ್ಲಿ ರಿಮ್‌ಗೆ ಸೇರಿಕೊಂಡಿರುವ ನೆರೆಯ ಕಡ್ಡಿಗಳ ನಿಪ್ಪಲ್‌ಗಳನ್ನು, ಅಂದರೆ ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್ಟುಗಳನ್ನು, ಅರ್ಧರ್ಧ ಸುತ್ತು ಸಡಿಲಿಸಿದರೆ ರಿಮ್ ಬಹುಮಟ್ಟಿಗೆ ನೇರಕ್ಕೆ ಬರುತ್ತದೆ. ಹಿಂದಿನ ಹೊರೆಯನ್ನು ಆದಷ್ಟು ಮುಂದಕ್ಕೆ ಸಾಗಿಸಿ, ನಿಧಾನವಾಗಿ ಹತ್ತಿರದ ಪೇಟೆ ಸೇರಿ. ಉಜ್ಜುವಿಕೆ ತಪ್ಪಿಸಲು ಹಿಂದಿನ ಬ್ರೇಕ್ ಬಿಚ್ಚಿ ಸಂಪಾಜೆ ಘಟ್ಟವನ್ನೋ ಮಾಕುಟ್ಟದ ಇಳಿಜಾರನ್ನೋ ಇಳಿಯುವ ಆಲೋಚನೆ ಬಂದರೆ ಅಲ್ಲೇ ಕೂತು ಜೀಪಿಗೆ ಕಾಯಿರಿ. ಕೊಡಗಿನಲ್ಲಿ ಜೀಪು ಬಾರದ ರಸ್ತೆಯಿಲ್ಲ.

ಒಂದು ಕಡ್ಡಿ ಮುರಿದದ್ದು ಆಕಸ್ಮಿಕ ಇರಬಹುದು. ಸರಿಪಡಿಸಿದ ಮೇಲೂ ಅದೇ ಬದಿಯಲ್ಲಿ ಮತ್ತೊಂದು ಮುರಿದರೆ ಆ ಬದಿಯ ಕಡ್ಡಿಗಳೆಲ್ಲ ದಣಿದಿವೆ. ಚಕ್ರವನ್ನೇ ಹೊಸ ಕಡ್ಡಿಗಳಿಂದ ಕಟ್ಟಿಸಬೇಕು.

ಪಂಚರ್ ಮೇಲೆ ಪಂಚರ್

ಟ್ಯೂಬನ್ನು ಹೊರತೆಗೆಯುವ ಮೊದಲು ಅದು ಟೈರಿನಲ್ಲಿ ಹೇಗೆ ಕೂತಿತ್ತೆಂದು ವಾಲ್ವಿನ ಗುರುತಿಟ್ಟುಕೊಳ್ಳಿ. ತೂತು ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ. ಹೊರಮೈಯಲ್ಲಿದ್ದರೆ ಮುಳ್ಳು, ಬಿದಿರಿನ ಸಿಬಿರು ಅಥವಾ ತೋಟದ ಬೇಲಿಯಿಂದ ಬಿದ್ದ ತಂತಿಯ ಚೂರು. ಅದೇ ಜಾಗದಲ್ಲಿ ಟೈರಿನ ಒಳಗೆ ಬೆರಳಾಡಿಸಿ ಚೂರನ್ನು ತೆಗೆಯದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ. ರಿಮ್ ಕಡೆಯ ಒಳಮೈಯಲ್ಲಿದ್ದರೆ ಕಡ್ಡಿಯ ತುದಿ ಚುಚ್ಚಿದೆ, ರಿಮ್ ಪಟ್ಟಿ ಸರಿದಿದೆ. ಎರಡು ಸೀಳು ಅಕ್ಕಪಕ್ಕ ಇದ್ದರೆ ಟ್ಯೂಬು ರಿಮ್ ಮತ್ತು ಗುಂಡಿಯ ಅಂಚಿನ ನಡುವೆ ಜಜ್ಜಿದೆ.

ಹೊರೆಯ ಸೈಕಲ್‌ಗೆ ಅಂಟುವ ಪಂಚರ್ ಈ ಮೂರನೆಯದು. ಖಾಲಿ ಸೈಕಲ್‌ಗೆ ಸಾಕಾಗುತ್ತಿದ್ದ ಗಾಳಿ ಹೊರೆಗೆ ಸಾಲದು. ಟೈರಿನ ಪಕ್ಕದಲ್ಲಿ ಒತ್ತಡದ ಮಿತಿ ಅಚ್ಚಾಗಿರುತ್ತದೆ. ಹಿಂದಿನ ಟೈರು ಅದರ ಮೇಲ್ಮಿತಿಗೆ ಹತ್ತಿರವಿರಲಿ, ಮುಂದಿನದು ಸ್ವಲ್ಪ ಕಡಿಮೆ. ಪೆಟ್ರೋಲ್ ಬಂಕಿನ ಗಾಳಿ ಬೈಕಿನಂಥ ದಪ್ಪ ವಾಲ್ವಿಗೆ ಹೊಂದುತ್ತದೆ, ತೆಳ್ಳಗಿನ ವಾಲ್ವಿಗೆ ಹೊಂದುವುದಿಲ್ಲ. ಅದಕ್ಕೆ ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಕಿಸೆಯಲ್ಲಿಟ್ಟುಕೊಳ್ಳಿ. ಬಂಕಿನ ಯಂತ್ರಕ್ಕೆ ಸೈಕಲ್ ಟ್ಯೂಬು ತೀರಾ ಚಿಕ್ಕದು. ಬಿಟ್ಟು ಬಿಟ್ಟು ತುಂಬಿಸಬೇಕು, ಇಲ್ಲವಾದರೆ ಕ್ಷಣದಲ್ಲಿ ಒಡೆಯುತ್ತದೆ.

ಬ್ರೇಕ್

ಹೊರೆ ಹೆಚ್ಚಿದಷ್ಟೂ ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ. ಅದು ದೋಷವಲ್ಲ, ಲೆಕ್ಕ. ಬ್ರೇಕ್ ಹಿಡಿ ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರ ಬಂದರೆ ಮಾತ್ರ ದೋಷ. ರಬ್ಬರ್ ಬ್ಲಾಕಿನ ಬ್ರೇಕಾದರೆ ಬ್ಲಾಕಿನ ಮೇಲಿನ ಗೀರುಗಳು ಉಳಿದಿವೆಯೇ ನೋಡಿ, ಅಳಿಸಿಹೋಗಿದ್ದರೆ ಬದಲಾಯಿಸಿ. ಗೀರುಗಳಿದ್ದರೆ ತಂತಿ ಸಡಿಲವಾಗಿದೆ; ಹಿಡಿಯ ಬುಡದಲ್ಲಿರುವ ಗುಂಡನೆಯ ತಿರುಪನ್ನು ಹೊರಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ತಂತಿಯಿಂದ ನಡೆಯುವ ಡಿಸ್ಕ್ ಬ್ರೇಕಿನಲ್ಲಿ ಒಳಬದಿಯ ಪ್ಯಾಡನ್ನು ಹತ್ತಿರ ತರಲು ಹೆಚ್ಚಾಗಿ ಬೇರೆ ತಿರುಪು ಇರುತ್ತದೆ. ತಂತಿಯನ್ನು ಮಾತ್ರ ಎಳೆಯುತ್ತ ಹೋದರೆ ಒಂದೇ ಪ್ಯಾಡ್ ದುಡಿಯುತ್ತದೆ.

ಮಳೆಯಲ್ಲಿ ರಿಮ್ ಬ್ರೇಕ್ ಒತ್ತಿದ ಕೂಡಲೇ ಹಿಡಿಯುವುದಿಲ್ಲ. ಮೊದಲ ಸುತ್ತು ರಿಮ್‌ನ ನೀರನ್ನು ಒರೆಸುವುದರಲ್ಲೇ ಹೋಗುತ್ತದೆ. ತಿರುವಿಗೆ ಬಹಳ ಮುಂಚೆಯೇ ಮೆಲ್ಲಗೆ ತಾಗಿಸಿ ಒಣಗಿಸಿಕೊಳ್ಳಬೇಕು. ಕರಕರ ಸದ್ದು ಬಂದರೆ ಬ್ಲಾಕಿನಲ್ಲಿ ಮರಳು ಸೇರಿದೆ, ಅದು ರಿಮ್ಮನ್ನೇ ತಿನ್ನುತ್ತದೆ; ನಿಂತು ಕೆರೆದು ತೆಗೆಯಿರಿ. ಸಂಪಾಜೆಯ ಕಡೆಗೆ ಇಳಿಯುವಂಥ ಉದ್ದನೆಯ ಘಟ್ಟದಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಡುವುದು, ಮತ್ತೆ ಒತ್ತುವುದು, ಹೀಗೆ ಸಾಗಬೇಕು. ಎಡೆಬಿಡದೆ ಒತ್ತಿದರೆ ರಿಮ್ ಕಾಯ್ದು ಟ್ಯೂಬು ಒಡೆಯುವುದೂ ಉಂಟು. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ತಣಿಯಲು ಬಿಡಿ. ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡುವ ಕುತೂಹಲ ಬೇಡ.

ಚೀಲದೊಳಗೆ ನೀರು

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ತಪ್ಪದ ದೂರು. ಎಲ್ಲಿ ಒದ್ದೆಯಾಗಿದೆ ಎಂದು ನೋಡದೆ ಹೊಸ ಚೀಲ ಕೊಳ್ಳಬೇಡಿ. ಮೇಲಿನ ಬಟ್ಟೆ ಒದ್ದೆಯಾಗಿ ತಳ ಒಣಗಿದ್ದರೆ ಬಾಯಿ ಸರಿಯಾಗಿ ಮುಚ್ಚಿಲ್ಲ; ಸುರುಳಿ ಬಾಯಿಯ ಚೀಲವನ್ನು ಮೂರು ಸುತ್ತಾದರೂ ಮಡಚಬೇಕು. ತಳ ಮಾತ್ರ ಒದ್ದೆಯಿದ್ದರೆ ನೀರು ಆಕಾಶದ್ದಲ್ಲ, ಚಕ್ರ ಎರಚಿದ್ದು. ಮಡ್‌ಗಾರ್ಡ್ ಬೇಕು, ಇಲ್ಲವೇ ಕ್ಯಾರಿಯರ್ ಅಡಿಗೆ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಕೇಬಲ್ ಟೈಯಿಂದ ಕಟ್ಟಬೇಕು. ಮಳೆಹೊದಿಕೆ ಹಾಕಿಯೂ ತಳದಲ್ಲಿ ನೀರು ನಿಂತಿದ್ದರೆ ಹೊದಿಕೆಯೇ ಬಟ್ಟಲಾಗಿದೆ. ಅದರ ಅತಿ ತಗ್ಗಿನ ಜಾಗದಲ್ಲಿ ಸಣ್ಣ ತೂತು ಮಾಡಿ. ಎಲ್ಲ ಬಟ್ಟೆಯೂ ಒಂದೇ ಸಮನೆ ತೇವವಾಗಿದ್ದರೆ ನೀರು ಹೊರಗಿನಿಂದ ಬಂದೇ ಇಲ್ಲ. ಬೆವರಿದ ಅಂಗಿಯನ್ನೋ ಒದ್ದೆ ರೇನ್‌ಕೋಟನ್ನೋ ಒಣಬಟ್ಟೆಯ ಜೊತೆ ತುರುಕಿದ್ದೀರಿ.

ಪರಿಹಾರ ಅಗ್ಗದ್ದೇ ಇದೆ. ಹೊರಚೀಲ ಎಂಥದೇ ಇರಲಿ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿರಲಿ. ಗೊಬ್ಬರದ ಮೂಟೆಯ ಒಳಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿದರೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ಮಲಗುವ ಬಟ್ಟೆಗೆ ಒಂದು, ಹೊದಿಕೆಗೆ ಒಂದು, ಒದ್ದೆಯಾದುದಕ್ಕೆ ಇನ್ನೊಂದು. ಜುಲೈ, ಆಗಸ್ಟ್‌ನಲ್ಲಿ ಭಾಗಮಂಡಲದ ಸಂಗಮದ ಬಳಿ ನೀರು ರಸ್ತೆಗೇ ಬರುವುದುಂಟು. ಆಗ ಚೀಲದ ಚಿಂತೆ ಬಿಟ್ಟು ದಾರಿ ಬದಲಿಸಿ.

ಹಿಂದಿನ ದೀಪ ಹೊದಿಕೆಯೊಳಗೆ ಮುಚ್ಚಿಹೋಗಿದೆಯೇ ಎಂದೂ ನೋಡಿಕೊಳ್ಳಿ. ಮಂಜು ಕವಿದ ಮಧ್ಯಾಹ್ನದಲ್ಲೂ ಆ ದೀಪ ಬೇಕು. ದೀಪವನ್ನು ಹೊರೆಗೆ ಕಟ್ಟಬೇಡಿ, ಕ್ಯಾರಿಯರ್‌ನ ತುದಿಗೆ ಕಟ್ಟಿ.

ಮರುದಿನ ಬೆಳಗಿನ ದೋಷಗಳು

ಮೊದಲ ದಿನ ಚೆನ್ನಾಗಿ ಓಡಿದ ಸೈಕಲ್ ಎರಡನೆಯ ದಿನ ತೂಗಾಡಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೆಳಗ್ಗೆ ಕಡಂಬುಟ್ಟು ತಿಂದು, ಮನೆಯವರೊಡನೆ ಮಾತಾಡುತ್ತಾ ಅವಸರದಲ್ಲಿ ಕಟ್ಟಿದ ಗಂಟು ನಿನ್ನೆಯ ಗಂಟಿನಂತಿರುವುದಿಲ್ಲ. ಒದ್ದೆಯಾದ ಡೇರೆ ಒಣ ಡೇರೆಗಿಂತ ಭಾರ, ದೊಡ್ಡದು, ಮಡಚಿದರೂ ನಿನ್ನೆಯ ಆಕಾರಕ್ಕೆ ಬರುವುದಿಲ್ಲ. ಮನೆಯಲ್ಲಿ ಕಟ್ಟಿದ ಹೊರೆಯ ಫೋಟೋವನ್ನು ಎರಡೂ ಬದಿಯಿಂದ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರೆ ಯಾವುದು ಎಲ್ಲಿತ್ತೆಂಬ ವಾದವೇ ಇರುವುದಿಲ್ಲ.

ಅದರ ಮೇಲೆ ಖರೀದಿ. ಒಂದು ಕಿಲೋ ಕಾಫಿ ಪುಡಿ, ಅರ್ಧ ಕಿಲೋ ಕರಿಮೆಣಸು, ಜೇನಿನ ಬಾಟಲಿ, ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸ, ಕಾಲವಾಗಿದ್ದರೆ ಒಂದಿಷ್ಟು ಕಿತ್ತಳೆ. ನೋಡನೋಡುತ್ತಿದ್ದಂತೆ ಮೂರು ನಾಲ್ಕು ಕಿಲೋ ಸೇರುತ್ತದೆ, ಅದೂ ಎಲ್ಲ ತುಂಬಿದ ಮೇಲೆ ಬರುವುದರಿಂದ ಕ್ಯಾರಿಯರ್‌ನ ನೆತ್ತಿಗೆ, ರಬ್ಬರ್ ಹಗ್ಗದ ಕೆಳಗೆ ಕೂರುತ್ತದೆ. ಬಾಟಲಿಗಳು ತಳಕ್ಕೆ ಹೋಗಬೇಕು. ಅದಕ್ಕಾಗಿ ಚೀಲವನ್ನು ಪೂರ್ತಿ ಬಿಚ್ಚಿ ಮತ್ತೆ ತುಂಬುವ ತಾಳ್ಮೆ ಇಲ್ಲದವರು ಖರೀದಿಯನ್ನು ಅಂಚೆಯಲ್ಲೋ ಬಸ್ ಪಾರ್ಸೆಲ್‌ನಲ್ಲೋ ಕಳಿಸಲಿ. ಕಾಚಂಪುಳಿ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ನೆಟ್ಟಗೆ ನಿಲ್ಲಿಸಿಯೇ ಇಡಿ. ಅದು ಸೋರಿದರೆ ಅಂಗಿಯ ಕಪ್ಪು ಕಲೆ ಹೋಗುವುದಿಲ್ಲ, ಹುಳಿ ತಗಲಿದ ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ. ಸೋರಿರುವುದು ಕಂಡ ಕೂಡಲೇ ಆ ಜಾಗಕ್ಕೆ ಧಾರಾಳವಾಗಿ ನೀರು ಸುರಿದು ಒರೆಸಿ, ಬೋಲ್ಟಿಗೆ ಒಂದು ಹನಿ ಎಣ್ಣೆ ಬಿಡಿ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ ತಾಗದಂತೆ ನೋಡಿಕೊಳ್ಳಿ.

ಕಟ್ಟಿದ ಮೇಲೆ ಗೇಟಿನ ಬಳಿ ಮತ್ತೊಮ್ಮೆ ಅಲ್ಲಾಡಿಸಿ ನೋಡಿ. ಐದು ಕಿಲೋಮೀಟರ್ ಹೋದ ಮೇಲೆ ಇನ್ನೊಮ್ಮೆ ನಿಂತು ಪಟ್ಟಿಗಳನ್ನು ಎಳೆದು ಬಿಗಿಯಿರಿ. ಬೆಳಗಿನ ಗಂಟು ಅಷ್ಟು ದೂರದೊಳಗೆ ತನ್ನ ಜಾಗಕ್ಕೆ ಇಳಿದಿರುತ್ತದೆ, ಪಟ್ಟಿ ಸಡಿಲವಾಗಿರುತ್ತದೆ.